ಹತ್ತುವುದು ಕಷ್ಟವೋ, ಇಳಿಯುವುದೋ?

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು 1957ರಿಂದ ಮಂಗನ ಕಾಯಿಲೆಗೆ ಅಂಟಿಕೊಂಡಿದೆ. ಆದರೆ ಅಡಿಕೆಗೆ ರೇಟು ಬಂದ ವರ್ಷ ಆ ಕಡೆಯ ಜಗಲಿಗಳಲ್ಲಿ ಕಾಡುವ ಕಾಯಿಲೆಯೇ ಬೇರೆ: ಕೊಳ್ಳುವುದು ಸೆಡಾನೋ, ಎಸ್‌ಯುವಿಯೋ?

ಹಿಂದೆ ಈ ತಕರಾರೇ ಇರಲಿಲ್ಲ. ಹಳೆಯ ಅಂಬಾಸಿಡರಿನ ಮುಂದಿನ ಸೀಟು ಶಾಲೆಯ ಬೆಂಚಿನಷ್ಟು ಉದ್ದ. ಗೇರಿನ ಕೋಲು ಸ್ಟೇರಿಂಗ್ ಪಕ್ಕದಲ್ಲಿ. ಡ್ರೈವರ್ ಪಕ್ಕ ಇಬ್ಬರು, ಅವರ ತೊಡೆಯ ಮೇಲೆ ಇನ್ನಿಬ್ಬರು. 2014ರಲ್ಲಿ ಅದರ ತಯಾರಿಕೆ ನಿಂತಿತು, ತೊಡೆಗಳಿಗೆ ಬಿಡುವು ಸಿಕ್ಕಿತು. 1994ರಲ್ಲಿ ಬಂದ ಟಾಟಾ ಸುಮೋ ಹಿಂಬದಿಯಲ್ಲಿ ಎದುರುಬದುರು ಸೀಟು ಹಾಕಿ, ಬೀಗರ ಮೊಣಕಾಲಿಗೆ ಬೀಗರ ಮೊಣಕಾಲು ತಾಗಿಸಿತು.

ಸೆಡಾನಿನ ಸೀಟು ತಗ್ಗು. ಕಾಲು ಚಾಚಬಹುದು, ಡಿಕ್ಕಿ ಬೇರೆಯೇ ಇರುವುದರಿಂದ ಹಲಸಿನ ಹಣ್ಣಿನ ವಾಸನೆ ಮೂಗಿಗೆ ಬಡಿಯದು. ಇಳಿಯುವಾಗ ಮಾತ್ರ ಅಜ್ಜಿಯನ್ನು ಬಾವಿಯಿಂದ ಕೊಡ ಎತ್ತಿದಂತೆ ಎತ್ತಬೇಕು.

ಎಸ್‌ಯುವಿಯಲ್ಲಿ ಪೇಟ ಕಟ್ಟಿದವರೂ ತಲೆ ತಗ್ಗಿಸಬೇಕಿಲ್ಲ. ಆದರೆ ಅಜ್ಜಿ ಬಾಗಿಲಲ್ಲೇ ನಿಂತು, “ಏಣಿ ತಗಂಡ್ ಬಾರೋ” ಅನ್ನುತ್ತಾಳೆ. ಮೂರನೇ ಸಾಲಿನಲ್ಲಿ ಕೂತವರ ಮೊಣಕಾಲು ಗದ್ದಕ್ಕೆ ಬರುತ್ತದೆ. ಆ ಸಾಲು ತುಂಬಿದರೆ ಚೀಲಕ್ಕೆ ಜಾಗವಿಲ್ಲ.

ಆದ್ದರಿಂದ ಷೋರೂಮಿಗೆ ಹೋಗುವವರು ಅಜ್ಜಿಯನ್ನೂ ಕರೆದೊಯ್ಯಲಿ. ಹಣ ಕಟ್ಟುವ ಮೊದಲು ಹಿಂದಿನ ಸೀಟಿನಲ್ಲಿ ತಾವೇ ಹತ್ತು ನಿಮಿಷ ಕೂತು ನೋಡಲಿ.