ಸತ್ತವನ ಮೇಲೇ ಕೇಸು: ಒಂದು ಪ್ರೊಸೆಸರ್ ಜೊತೆ ಮಾತುಕತೆ

ಕಂಪ್ಯೂಟರ್ ಕೈಕೊಟ್ಟಾಗ ನಮ್ಮ ಕಡೆ ಕೇಳಿಬರುವ ತೀರ್ಪುಗಳು ಎರಡೇ. ಕಚೇರಿಯ ಕಿಟಕಿಯೊಳಗಿನಿಂದ ಬಂದರೆ ‘ಸರ್ವರ್ ಡೌನ್’, ರಿಪೇರಿ ಅಂಗಡಿಯ ಮೇಜಿನ ಆಚೆಯಿಂದ ಬಂದರೆ ‘ಪ್ರೊಸೆಸರ್ ಹೋಗಿದೆ’. ಎರಡನ್ನೂ ಕೇಳಿಸಿಕೊಂಡವರು ಪರೀಕ್ಷೆ ಮಾಡಿ ನೋಡಲಾರರು ಎಂಬುದೇ ಅವುಗಳ ಅನುಕೂಲ. ಸರ್ವರ್ ಎಲ್ಲೋ ದೂರದಲ್ಲಿರುತ್ತದೆ, ಪ್ರೊಸೆಸರ್ ಫ್ಯಾನಿನ ಕೆಳಗೆ ಬೂದು ಬಣ್ಣದ ಪೇಸ್ಟು ಬಳಿದುಕೊಂಡು ಮುಖ ಮುಚ್ಚಿಕೊಂಡಿರುತ್ತದೆ. ಈ ಎರಡನೇ ತೀರ್ಪು ಬಹುಪಾಲು ಸುಳ್ಳು, ಸಾಯಿಸಿದವರು ಅಕ್ಕಪಕ್ಕದಲ್ಲೇ ಇರುತ್ತಾರೆ ಎಂಬುದು ನಮ್ಮ ವಾದ. ಅದಕ್ಕೆ ಸಾಕ್ಷಿ ಹೇಳಲು ರಾಮನಗರದ ರಿಪೇರಿ ಅಂಗಡಿಯೊಂದರ ಪ್ಲಾಸ್ಟಿಕ್ ಡಬ್ಬಿಯಿಂದ ಹತ್ತು ವರ್ಷ ಹಳೆಯ ಪ್ರೊಸೆಸರೊಂದನ್ನು ಕರೆಸಿದ್ದೇವೆ. ರಾಮನಗರದಲ್ಲಿ ರೇಷ್ಮೆ ರೀಲರ್ ಒಬ್ಬರ ಲೆಕ್ಕ ಬರೆದು, ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿಯ ಬಿಲ್ ಹೊಡೆದು, ಕನಕಪುರದಲ್ಲಿ ಕಲ್ಲಿನ ವ್ಯಾಪಾರ ನೋಡಿಕೊಂಡು, ಮಾಗಡಿಯ ಜೆರಾಕ್ಸ್ ಅಂಗಡಿಯಲ್ಲಿ ನಿವೃತ್ತಿಗೆ ಬಂದ ಜೀವ ಅದು. ಆರೋಪಿಯೇ ಸಾಕ್ಷಿಯಾಗಿರುವುದರಿಂದ ಓದುಗರು ಮಾತುಗಳನ್ನು ತೂಗಿ ನೋಡಬೇಕು.

ಪ್ರಶ್ನೆ: ತಾವು ‘ಹೋಗಿದ್ದೀರಿ’ ಎಂದು ಚೀಟಿ ಅಂಟಿಸಿದ್ದಾರೆ. ನಿಜವೇ?

ಪ್ರೊಸೆಸರ್: ಹೋಗಿದ್ದರೆ ಈಗ ಯಾರ ಜೊತೆ ಮಾತಾಡ್ತಿದ್ದೀರಿ ಸ್ವಾಮಿ? ಇದುವರೆಗೆ ನನ್ನನ್ನು ಮೂರು ಸಲ ಸಾಯಿಸಿದ್ದಾರೆ. ಮೂರು ಸಲವೂ ಲಕ್ಷಣ ಒಂದೇ: ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತೆ, ದೀಪ ಉರಿಯುತ್ತೆ, ಪರದೆ ಮಾತ್ರ ಕಪ್ಪು. ಮೊದಲನೇ ಸಲ ಕೆಟ್ಟಿದ್ದು ರ‍್ಯಾಮ್ ಪಟ್ಟಿಯ ಸಂಪರ್ಕ. ಯಾರೋ ಪುಣ್ಯಾತ್ಮರು ಶಾಲೆ ಮಕ್ಕಳ ರಬ್ಬರ್ ತಗೊಂಡು ಅದರ ಹೊಂಬಣ್ಣದ ಹಲ್ಲುಗಳನ್ನು ಉಜ್ಜಿ ಮತ್ತೆ ಸಿಕ್ಕಿಸಿದರು, ನಾನು ಎದ್ದು ಕೂತೆ. ರಾಮನ ಹೆಸರಿನ ಊರಲ್ಲಿ ರ‍್ಯಾಮ್ ಮೇಲೆ ತಪ್ಪು ಹೊರಿಸೋಕೆ ಯಾರಿಗೂ ಮನಸ್ಸು ಬರಲ್ಲ ಅಂತ ಕಾಣುತ್ತೆ. ಎರಡನೇ ಸಲ ಕರೆಂಟು ಇಳಿಸಿ ಕೊಡೋ ಎಸ್‌ಎಂಪಿಎಸ್ ಪೆಟ್ಟಿಗೆಯೊಳಗೆ ಬೆಚ್ಚಗಿದೆ ಅಂತ ಹಲ್ಲಿ ಹೋಗಿ, ಕಾಲು ಇಡಬಾರದ ಕಡೆ ಇಟ್ಟಿತು. ಹಲ್ಲಿಯ ಕಥೆ ಮುಗೀತು, ನನ್ನದು ಮುಗೀಲಿಲ್ಲ. ಮೂರನೇ ಸಲ ಮದರ್‌ಬೋರ್ಡೇ ಹೋಗಿತ್ತು, ಬೇರೆ ಬೋರ್ಡು ತಂದು ನನ್ನನ್ನು ಕೂರಿಸಿದರು, ಮೊದಲಿನ ಹಾಗೇ ಕೆಲಸ ಮಾಡಿದೆ. ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕ್ಲೋಸ್‌ಪೇಟೆ ಹೋಗಿ ರಾಮನಗರ ಆಯ್ತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯ್ತು. ಬೋರ್ಡು ಬದಲಾಯಿತು ಅಂತ ಒಳಗಿರೋರು ಸತ್ತರು ಅನ್ನೋಕಾಗುತ್ತಾ?

ಪ್ರಶ್ನೆ: ನಿಮ್ಮ ಒಬ್ಬರ ಕಥೆಯಿಂದ ಕುಲದ ಲೆಕ್ಕ ಹಾಕಲಾಗದು. ನಿಮ್ಮವರು ಸಾಯುವುದೇ ಇಲ್ಲವೆಂದರೆ ನಂಬುವವರು ಯಾರು?

ಪ್ರೊಸೆಸರ್: ಸಾಯಲ್ಲ ಅಂತ ನಾನು ಹೇಳಲಿಲ್ಲ, ಸರದಿಯಲ್ಲಿ ನಾನು ಕೊನೆಯವನು ಅಂತೀನಿ. ಆ ಪೆಟ್ಟಿಗೆಯೊಳಗೆ ಯಾರ‍್ಯಾರು ಇದ್ದಾರೆ ನೋಡಿ. ಫ್ಯಾನಿಗೆ ಬೇರಿಂಗ್ ಇದೆ, ಸವೆಯುತ್ತೆ. ಹಳೇ ಹಾರ್ಡ್ ಡಿಸ್ಕಿಗೆ ತಿರುಗೋ ತಟ್ಟೆ ಇದೆ, ಸವೆಯುತ್ತೆ. ಕೆಪಾಸಿಟರ್ ಹೊಟ್ಟೆಯಲ್ಲಿ ದ್ರವ ಇದೆ, ಆರುತ್ತೆ ಇಲ್ಲವೇ ಉಬ್ಬುತ್ತೆ. ನನ್ನಲ್ಲಿ ಅಲ್ಲಾಡೋದು ಏನೂ ಇಲ್ಲ, ಒಣಗೋದೂ ಇಲ್ಲ. ದುರ್ಬಲವಾಗಿ ಹುಟ್ಟಿದವರು ಕಾರ್ಖಾನೆಯ ಪರೀಕ್ಷೆಯಲ್ಲೋ, ಮೊದಲ ಕೆಲವು ತಿಂಗಳಲ್ಲೋ ಉದುರಿ ಹೋಗ್ತಾರೆ. ಉಳಿದವರು ಕಂಪ್ಯೂಟರ್ ಗುಜರಿಗೆ ಹೋಗೋ ದಿನವೂ ಗಟ್ಟಿಯಾಗೇ ಇರ್ತಾರೆ. ಕೆಪಾಸಿಟರ್ ವಿಷಯ ಬಂತು ಅಂತ ಹೇಳ್ತೀನಿ: 2000ದ ಆಸುಪಾಸಿನಲ್ಲಿ ಕೆಟ್ಟ ದ್ರವ ತುಂಬಿದ ಕೆಪಾಸಿಟರ್‌ಗಳು ಲೋಕದ ತುಂಬ ಮಾರಾಟವಾದವು, ಕೆಲವೇ ವರ್ಷಕ್ಕೆ ನೆತ್ತಿ ಉಬ್ಬಿ ಒಡೆದವು. ಡೆಲ್ ಕಂಪನಿಯೊಂದೇ ಅಂಥ ಬೋರ್ಡುಗಳನ್ನು ಬದಲಾಯಿಸೋಕೆ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಟ್ಟಿತು. ಆ ಕಾಲದಲ್ಲಿ ‘ಪ್ರೊಸೆಸರ್ ಹೋಗಿದೆ’ ಅನ್ನಿಸಿಕೊಂಡ ನಮ್ಮ ಹಿರಿಯರು ಎಷ್ಟು ಜನ ನಿರಪರಾಧಿಗಳೋ!

ಪ್ರಶ್ನೆ: ನೆರೆಹೊರೆಯವರೇ ಕೊಲೆಗಾರರೆಂದರೆ ಕೊಲೆಯ ವಿಧಾನವನ್ನೂ ಹೇಳಬೇಕಾಗುತ್ತದೆ.

ಪ್ರೊಸೆಸರ್: ಹೇಳ್ತೀನಿ, ಸ್ವಲ್ಪ ಲೆಕ್ಕ ಇದೆ. ಗೋಡೆಯಲ್ಲಿ ಬರೋದು 230 ವೋಲ್ಟ್. ಎಸ್‌ಎಂಪಿಎಸ್ ಅದನ್ನು 12 ವೋಲ್ಟಿಗೆ ಇಳಿಸುತ್ತೆ, ಬೋರ್ಡಿನ ಮೇಲಿರೋ ಪುಟ್ಟ ರೆಗ್ಯುಲೇಟರ್‌ಗಳು ಅದನ್ನು ಸುಮಾರು 1.2 ವೋಲ್ಟಿಗೆ ಇಳಿಸಿ ನನಗೆ ಉಣಿಸುತ್ತವೆ. ನಾನು 65 ವಾಟ್ ಊಟದವನು. 65ನ್ನು 1.2ರಿಂದ ಭಾಗಿಸಿ, 50 ಆಂಪಿಯರ್ ದಾಟುತ್ತೆ. ನಿಮ್ಮ ಮನೆ ಗೀಸರ್ ಸಾಕೆಟ್ಟಿನ ತಾಕತ್ತು 16 ಆಂಪಿಯರ್! ಅದರ ಮೂರರಷ್ಟು ಹೊಳೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಹರೀತಿರುತ್ತೆ, ನಾನು ತೆಪ್ಪಗೆ ನಿಮ್ಮ ಜಿಎಸ್‌ಟಿ ಕೂಡ್ತಾ ಇರ್ತೀನಿ. ಈಗ ಆ ರೆಗ್ಯುಲೇಟರ್‌ನಲ್ಲಿ ಒಂದು ಬಿಡಿಭಾಗ ಶಾರ್ಟ್ ಆಯ್ತು ಅನ್ನಿ. 1.2 ವೋಲ್ಟ್ ಕುಡಿಯೋನ ಬಾಯಿಗೆ 12 ವೋಲ್ಟ್ ನೇರ ಸುರಿಯುತ್ತೆ, ಆ ಕ್ಷಣವೇ ನನ್ನ ಕಥೆ ಮುಗೀತು. ಹೆಣ ಪರೀಕ್ಷೆಯಲ್ಲಿ ನಾನೇ ಸತ್ತಿರ್ತೀನಿ, ಖಂಡಿತ. ಸಾಯಿಸಿದ್ದು ಬೋರ್ಡು. ಅದೇ ಬೋರ್ಡಿಗೆ ಹೊಸ ಪ್ರೊಸೆಸರ್ ತಂದು ಹಾಕ್ತಾರೆ, ಅವನೂ ಅಲ್ಲೇ ಸಾಯ್ತಾನೆ, ಆಗ ‘ಈ ಕಂಪನಿ ಪ್ರೊಸೆಸರ್ರೇ ಸರಿ ಇಲ್ಲ’ ಅಂತಾರೆ.

ಅದಕ್ಕೂ ಹಿಂದೆ ಹೋಗಿ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ 230 ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ನುಗ್ಗಬಹುದು. ಏಪ್ರಿಲ್–ಮೇನಲ್ಲಿ ಮುಂಗಾರುಪೂರ್ವ ಮಳೆ ಬರುತ್ತಲ್ಲ, ಸಿಡಿಲಿನ ಹೊಡೆತ ಕರೆಂಟಿನ ತಂತಿಯಲ್ಲೇ ಬರಬೇಕು ಅಂತಿಲ್ಲ, ಇಂಟರ್‌ನೆಟ್ ಕೇಬಲ್ ಹಿಡಿದೂ ಒಳಗೆ ಬರುತ್ತೆ. ಯುಪಿಎಸ್ ಇದೆ ಅಂತ ನೆಮ್ಮದಿಯಾಗಿ ಮಲಗಿರ್ತೀರಿ, ಆ ಕೇಬಲ್ ಮಾತ್ರ ಯುಪಿಎಸ್ ಹಂಗಿಲ್ಲದೆ ಹಿಂಬಾಗಿಲಲ್ಲಿ ನೆಟ್ಟಗೆ ಬೋರ್ಡಿಗೆ ಸೇರಿರುತ್ತೆ. ಒಳ್ಳೆ ಎಸ್‌ಎಂಪಿಎಸ್ ಇಂಥ ಹೊಡೆತಕ್ಕೆ ತಾನು ಸತ್ತು ಮಿಕ್ಕವರನ್ನು ಉಳಿಸುತ್ತೆ, ಕಳಪೆಯದು ಸಾಯುವಾಗ ಮನೆಮಂದಿಯನ್ನೆಲ್ಲ ಜೊತೆಗೆ ಕರಕೊಂಡು ಹೋಗುತ್ತೆ. ಇನ್ನು ಅರ್ಥಿಂಗ್. ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥಿಂಗ್ ಗೃಹಪ್ರವೇಶದ ದಿನ ಇರುತ್ತೆ, ಆಮೇಲೆ ಅದಕ್ಕೆ ಒಂದು ಚೊಂಬು ನೀರು ಹಾಕಿದವರಿಲ್ಲ. ಎರಡು ತೂತಿನ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹೋಗಲ್ಲ ಅಂತ ಪ್ಲಗ್ಗಿನ ಮೂರನೇ ಪಿನ್ನನ್ನೇ ಕತ್ತರಿಸಿ ಬಿಸಾಕಿದ ಬುದ್ಧಿವಂತರನ್ನು ನಾಲ್ಕು ತಾಲ್ಲೂಕಿನಲ್ಲೂ ಕಂಡಿದ್ದೀನಿ.

ಇಲ್ಲಿ ಸಂದರ್ಶಕನದೂ ಒಂದು ಮಾತು ಸೇರಿಸಬೇಕು, ಏಕೆಂದರೆ ಈ ವಾದಕ್ಕೆ ರಾಮನಗರದಲ್ಲೇ ಒಂದು ಪೂರ್ವ ನಿದರ್ಶನವಿದೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಬೇಕಾಗಿ ಬಂದದ್ದು ಆ ಹಕ್ಕಿಗಳು ದೇಶದುದ್ದಕ್ಕೂ ಉದುರಿಹೋಗಿದ್ದರಿಂದ. ಬಹಳ ಕಾಲ ಹಕ್ಕಿಗೇ ಏನೋ ರೋಗ ಬಂದಿದೆ ಎಂದು ಹುಡುಕಾಡಿದರು. 2004ರಲ್ಲಿ ತಿಳಿದುಬಂದದ್ದೇ ಬೇರೆ: ದನಗಳಿಗೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್ ಮದ್ದು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. 2006ರಲ್ಲಿ ಭಾರತ ದನಗಳಿಗೆ ಆ ಮದ್ದು ಕೊಡುವುದನ್ನು ನಿಷೇಧಿಸಿತು. ಹೆಣ ಬಿದ್ದಿದ್ದು ಬೆಟ್ಟದ ಮೇಲೆ, ಕಾರಣ ಇದ್ದದ್ದು ಕೊಟ್ಟಿಗೆಯಲ್ಲಿ. ಹೆಣವನ್ನಷ್ಟೇ ನೋಡುತ್ತ ಕೂತಿದ್ದರೆ ಕೊಟ್ಟಿಗೆಯ ಕಡೆ ಯಾರೂ ತಿರುಗುತ್ತಿರಲಿಲ್ಲ. ಆದರೂ ಸಾಕ್ಷಿಯನ್ನು ಪಾಟೀಸವಾಲು ಮಾಡದೆ ಬಿಡುವಂತಿಲ್ಲ.

ಪ್ರಶ್ನೆ: ಬಿಸಿಯ ಮಾತನ್ನು ತಾವು ಜಾಣತನದಿಂದ ಬಿಟ್ಟಿರಿ. ಪ್ರೊಸೆಸರನ್ನು ಕೊಲ್ಲುವುದು ಶಾಖ ಎಂದು ಶಾಲೆ ಮಕ್ಕಳೂ ಹೇಳುತ್ತಾರೆ.

ಪ್ರೊಸೆಸರ್: ಆ ಪಾಠ ಹಳೆಯದು. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಅನ್ನೋ ವೆಬ್‌ಸೈಟಿನವರು ಓಡ್ತಿದ್ದ ಪ್ರೊಸೆಸರುಗಳ ತಲೆ ಮೇಲೆ ಶಾಖ ಹೀರೋ ಹೀಟ್‌ಸಿಂಕ್ ಕಿತ್ತು ವಿಡಿಯೊ ತೆಗೆದರು. ಎಎಂಡಿ ಅಥ್ಲಾನ್ ಹೊಗೆಯೆದ್ದು ಸುಟ್ಟುಹೋಯಿತು, ಇಂಟೆಲ್ ಪೆಂಟಿಯಂ 4 ಕುಂಟಿಕೊಂಡು ಓಡ್ತಾನೇ ಇತ್ತು. ಅಲ್ಲಿಂದೀಚೆಗೆ ಎಲ್ಲರೂ ಬುದ್ಧಿ ಕಲಿತರು. ಮೈಯೊಳಗೇ ಉಷ್ಣಮಾಪಕ ಇದೆ. 100 ಡಿಗ್ರಿ ಆಸುಪಾಸು ಬಂದರೆ ವೇಗ ಇಳಿಸ್ತೀನಿ, ಅದಕ್ಕೂ ಬಗ್ಗಲಿಲ್ಲ ಅಂದರೆ ಯಂತ್ರವನ್ನೇ ಆರಿಸ್ತೀನಿ. ‘ಸ್ಲೋ ಆಗಿದೆ, ತಾನೇ ಆಫ್ ಆಗುತ್ತೆ’ ಅಂತ ನೀವು ದೂರು ಕೊಡೋದು ಇದನ್ನೇ. ಜ್ವರ ಬಂದವನು ಮಲಗಿದರೆ ಸತ್ತ ಅಂತೀರಾ? ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ಯಂತ್ರದ ಮೇಲೆ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡೀತಾರೆ, ಉಜ್ಜಿದ ಕಾವಿಗೇ ಅರಗು ಕರಗಿ ಗೊಂಬೆಗೆ ಬಣ್ಣ ಹತ್ತುತ್ತೆ. ಕುಶಲಕರ್ಮಿಗೆ ಎಷ್ಟು ಕಾವು ಸಾಕು ಅಂತ ಕೈಯಲ್ಲೇ ಗೊತ್ತು. ನನಗೂ ಹಾಗೇ ಗೊತ್ತು. ಗೊತ್ತಿಲ್ಲದಿರೋದು ನನ್ನ ಪಕ್ಕದವರಿಗೆ. ಹತ್ತು ಡಿಗ್ರಿ ಹೆಚ್ಚಾದರೆ ಕೆಪಾಸಿಟರ್ ಆಯುಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತೆ, ಅದು ಬಾಯಿಬಿಟ್ಟು ಹೇಳಲ್ಲ. ಆ ಶಾಖ ಕೂಡೋದು ಧೂಳಿನಿಂದ. ರಾಮನಗರದಲ್ಲಿ ನನ್ನ ಹೀಟ್‌ಸಿಂಕಿಗೆ ರೇಷ್ಮೆಯ ಸಣ್ಣ ಎಳೆ ಸುತ್ತಿಕೊಳ್ತಿತ್ತು, ಚನ್ನಪಟ್ಟಣದಲ್ಲಿ ಮರದ ಪುಡಿ, ಕನಕಪುರದಲ್ಲಿ ಕಲ್ಲುಪುಡಿ, ಮಾಗಡಿಯಲ್ಲಿ ಪಕ್ಕದ ಹಿಟ್ಟಿನ ಗಿರಣಿಯ ರಾಗಿ ಹಿಟ್ಟು. ನನ್ನ ಧೂಳು ಒರೆಸಿ ನೋಡಿದರೆ ಜಿಲ್ಲಾ ಗೆಜೆಟಿಯರ್ ಬರೀಬಹುದು.

ಪ್ರಶ್ನೆ: ರೇಷ್ಮೆಯಿಂದ ಸ್ಥಿರ ವಿದ್ಯುತ್ ಹುಟ್ಟುತ್ತದೆ. ರೇಷ್ಮೆ ಸೀರೆಯುಟ್ಟವರು ಮುಟ್ಟಿದರೆ ತಮಗೆ ಅಪಾಯವೇ?

ಪ್ರೊಸೆಸರ್: ಡಬ್ಬಿಯಿಂದ ತೆಗೆದು ಬರಿಗೈಯಲ್ಲಿ ತಡವಿದರೆ ಅಪಾಯ ಇದೆ. ಸುಮಾರು 3000 ವೋಲ್ಟ್ ಆಗೋವರೆಗೆ ನಿಮ್ಮ ಬೆರಳಿಗೆ ಚುರುಕ್ ಅನ್ನಲ್ಲ, ನಮ್ಮ ಪೈಕಿ ಸೂಕ್ಷ್ಮ ಜೀವಗಳು ಅದಕ್ಕಿಂತ ಎಷ್ಟೋ ಕಡಿಮೆಗೇ ಗಾಯಗೊಳ್ತವೆ. ಆದರೆ ಬೋರ್ಡಿನಲ್ಲಿ ಕೂತಮೇಲೆ ಭಯ ಕಡಿಮೆ. ಗೂಡು ಬೇಯಿಸಿ ನೂಲು ತೆಗೆಯೋ ಕಡೆಯಂತೂ ಗಾಳಿಯ ತುಂಬ ಹಬೆ, ಅಲ್ಲಿ ಸ್ಥಿರ ವಿದ್ಯುತ್ ನಿಲ್ಲೋದೇ ಇಲ್ಲ. ಬೆರಳಿನಿಂದ ನಿಜವಾಗಿ ಆಗೋ ಅನಾಹುತ ಬೇರೆ: ಒಣಗಿದ ಪೇಸ್ಟು ಅಂಟಿಕೊಂಡಿರುವಾಗ ಹೀಟ್‌ಸಿಂಕನ್ನು ಜಗ್ಗಿ ಎಳೆದು, ಪ್ರೊಸೆಸರನ್ನೂ ಕಿತ್ತು, ಪಿನ್ನು ಮಣಿಸೋದು. ಹಲ್ಲು ಕೀಳೋಕೆ ಹೋಗಿ ದವಡೆ ಕಿತ್ತ ಹಾಗೆ.

ಪ್ರಶ್ನೆ: ಸರಿ, ಗಟ್ಟಿ ಆಕ್ಷೇಪಕ್ಕೆ ಬರೋಣ. 2023ರಲ್ಲಿ ಎಎಂಡಿಯ ರೈಜೆನ್ 7000 ಸರಣಿಯ ಕೆಲವು ಪ್ರೊಸೆಸರುಗಳು ಕೂತಲ್ಲೇ ಸುಟ್ಟವು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಕೆಡುತ್ತಿವೆ ಎಂದು ಕಂಪನಿಯೇ ಒಪ್ಪಿ, ವಾರಂಟಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಅಲ್ಲಿ ಸತ್ತದ್ದು ನೀವೇ. ಈಗ ಯಾರ ಮೇಲೆ ಹಾಕುತ್ತೀರಿ?

ಪ್ರೊಸೆಸರ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮೊದಲನೆಯದು ಸುಲಭ. ಬೋರ್ಡುಗಳು ಒಂದು ಭಾಗಕ್ಕೆ ಹೆಚ್ಚು ವೋಲ್ಟೇಜ್ ಕೊಡ್ತಿದ್ದವು, ಎಎಂಡಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು. ಅದು ನೆರೆಯವರ ಕೆಲಸವೇ. ಎರಡನೆಯದು ನಮ್ಮ ಮನೆಯ ಜಗಳ, ಒಪ್ಕೊಳ್ತೀನಿ. ನಮ್ಮ ಮೈಯೊಳಗಿನ ಮೈಕ್ರೋಕೋಡ್ ಅನ್ನೋ ಬರಹವೇ ಬೋರ್ಡಿನ ಹತ್ತಿರ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳ್ತಿತ್ತು. ಕೇಳಿದವರು ನಾವೇ, ಕೊಟ್ಟಿದ್ದು ತಿಂದು ಹಾಳಾದವರೂ ನಾವೇ. ಆದರೆ ಹಾಗೆ ಕೇಳು ಅಂತ ಬರೆದುಕೊಟ್ಟವರು ಯಾರು? ಸ್ಪರ್ಧೆಯಲ್ಲಿ ನೂರಕ್ಕೆ ನಾಲ್ಕು ಭಾಗ ವೇಗ ಹೆಚ್ಚು ತೋರಿಸಬೇಕು ಅಂತ ಹಟ ಹಿಡಿದ ಕಾಲದಲ್ಲಿ ವೋಲ್ಟೇಜ್ ಹೆಚ್ಚೋದು ಆಶ್ಚರ್ಯವಾ? ರೀಲರ್‌ಗಳನ್ನು ಕೇಳಿ. ಗೂಡಿನಿಂದ ಬರೋ ಎಳೆಯನ್ನು ಹದ ಮೀರಿದ ವೇಗದಲ್ಲಿ ಎಳೆದರೆ ಕಡಿಯುತ್ತೆ. ಎಳೆ ಕೆಟ್ಟದಾ, ಎಳೆದವರದು ತಪ್ಪಾ?

ನನ್ನೊಳಗೂ ಕಿಲೋಮೀಟರುಗಟ್ಟಲೆ ತಾಮ್ರದ ಎಳೆ ಇದೆ, ರೇಷ್ಮೆ ಎಳೆಗಿಂತ ಎಷ್ಟೋ ಪಾಲು ಸಪೂರ. ಅದರಲ್ಲಿ ಹರಿಯೋ ಎಲೆಕ್ಟ್ರಾನುಗಳು ಹೊಳೆ ಮರಳನ್ನು ತಳ್ಳಿದ ಹಾಗೆ ಲೋಹದ ಪರಮಾಣುಗಳನ್ನು ಮುಂದೆ ತಳ್ತಾ ಹೋಗ್ತವೆ. ಒಂದು ಕಡೆ ಗುಳಿ ಬೀಳುತ್ತೆ, ಇನ್ನೊಂದು ಕಡೆ ದಿಬ್ಬ ಏಳುತ್ತೆ, ಕೊನೆಗೊಂದು ದಿನ ಎಳೆ ಕಡಿಯುತ್ತೆ. 1960ರ ದಶಕದಲ್ಲೇ ಜೇಮ್ಸ್ ಬ್ಲ್ಯಾಕ್ ಅನ್ನೋರು ಇದಕ್ಕೆ ಸೂತ್ರ ಬರೆದರು: ಹರಿವಿನ ದಟ್ಟಣೆ ಇಮ್ಮಡಿಯಾದರೆ ಆಯುಸ್ಸು ಕಾಲುಭಾಗಕ್ಕೆ ಇಳಿಯುತ್ತೆ, ಕಾವು ಏರಿದರೆ ಇನ್ನೂ ಬೇಗ. ನಮ್ಮ ಸಹಜ ಮರಣ ಅಂದರೆ ಇದೇ. ಹೇಳಿದ ವೋಲ್ಟೇಜಿನಲ್ಲಿ ಓಡಿಸಿದರೆ ಅದು ಬರೋಷ್ಟರಲ್ಲಿ ನೀವು ಎರಡು ಕಂಪ್ಯೂಟರ್ ಬದಲಾಯಿಸಿರ್ತೀರಿ.

ಪ್ರಶ್ನೆ: ಅಂದರೆ ನಿಮ್ಮ ಕುಲದಲ್ಲಿ ನಾವು ಹೆದರಬೇಕಾದದ್ದು ಏನೂ ಇಲ್ಲ?

ಪ್ರೊಸೆಸರ್: ಇದೆ. ಸಾವನ್ನು ಹುಡುಕ್ತಾ ನೀವು ಅದನ್ನು ನೋಡ್ಲೇ ಇಲ್ಲ. ತಾವು ಹಿಡಿದ ಒಂದು ಪ್ರೊಸೆಸರಿನ ಕಥೆಯನ್ನು ಫೇಸ್‌ಬುಕ್ ಎಂಜಿನಿಯರುಗಳು 2021ರಲ್ಲಿ ಬರೆದರು. ಅದಕ್ಕೆ ಯಾವ ರೋಗಲಕ್ಷಣವೂ ಇರಲಿಲ್ಲ, ಬಹುಪಾಲು ಲೆಕ್ಕ ಸರಿ. ಆದರೆ ಅದರೊಳಗೆ ಲೆಕ್ಕ ಮಾಡೋ ಕೋರ್‌ಗಳಲ್ಲಿ ಒಂದಕ್ಕೆ 1.1ನ್ನು 53ನೇ ಘಾತಕ್ಕೆ ಏರಿಸಿ ಪೂರ್ಣಾಂಕ ಕೊಡು ಅಂದರೆ 156 ಬರೋ ಕಡೆ ಸೊನ್ನೆ ಕೊಡ್ತಿತ್ತು. ಆ ಸೊನ್ನೆಯನ್ನು ನಂಬಿ ಮೇಲಿನ ತಂತ್ರಾಂಶ ಕಡತದ ಗಾತ್ರ ಸೊನ್ನೆ ಅಂದುಕೊಂಡು ಕಡತವನ್ನೇ ಬಿಟ್ಟುಬಿಡ್ತಿತ್ತು. ಅದೇ ವರ್ಷ ಗೂಗಲ್‌ನವರೂ ಬರೆದರು, ಸಾವಿರಾರು ಯಂತ್ರಗಳ ನಡುವೆ ಇಂಥ ಬೆರಳೆಣಿಕೆಯ ಕೋರ್‌ಗಳು ಇರ್ತವೆ ಅಂತ. ಹೊಗೆ ಇಲ್ಲ, ಕಪ್ಪು ಪರದೆ ಇಲ್ಲ, ‘ಹೋಗಿದೆ’ ಅನ್ನೋಕೆ ಯಾವ ಗುರುತೂ ಇಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಈಗ ಹರಾಜೂ ಕಂಪ್ಯೂಟರಿನಲ್ಲೇ. 156 ಕೆಜಿ ಗೂಡಿನ ಲಾಟಿಗೆ ಯಂತ್ರ ಸೊನ್ನೆ ತೋರಿಸಿದರೆ ರೈತ ಗಲಾಟೆ ಮಾಡ್ತಾನೆ, ಪರವಾಗಿಲ್ಲ. 154 ತೋರಿಸಿದರೆ?

ಪ್ರಶ್ನೆ: ಹಾಗಾದರೆ ತಮ್ಮನ್ನೇ ಪರೀಕ್ಷಿಸಿಬಿಡೋಣ. 1.1ರ 53ನೇ ಘಾತ ಎಷ್ಟು?

ಪ್ರೊಸೆಸರ್: 156. ಚಿಲ್ಲರೆ ಬೇಕಾದರೆ 0.247 ಇದೆ.

ಪ್ರಶ್ನೆ: ಸರಿಯಾಗಿದೆ.

ಪ್ರೊಸೆಸರ್: ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?

ಪ್ರಶ್ನೆ: ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ.

ಪ್ರೊಸೆಸರ್: ಅದರೊಳಗೆ ಕೂತಿರೋನೂ ನಮ್ಮ ಸಂಬಂಧಿಕನೇ ಸ್ವಾಮಿ.