ಮಾಮಾನ ಸಾಲದ ವಹಿ

ಮಾಮಾ ತೀರಿಕೊಂಡ ಸುದ್ದಿಗೆ ಸೇಡಂ, ಚಿತ್ತಾಪುರ, ಶಹಾಬಾದಿನ ಬೀಗರು-ಬಿಜ್ಜರೆಲ್ಲ ರೈಲು ಹಿಡಿದು ವಾಡಿಗೆ ಬಂದರು. ಚಿಂಚೋಳಿಯವರು ಮಾತ್ರ ತಡ. ಪಾಪ, ಅವರೂರಿಗೆ ರೈಲಿಲ್ಲ, ಬಸ್ಸೇ ಗತಿ. ಈ ಕಾರಣಕ್ಕೇ ಮಾಮಾ ಅವರಿಗೆ ಎರಡು ಸೇರು ತೊಗರಿಬೇಳೆ ಹೆಚ್ಚಿಗೆ ಕಟ್ಟಿಕೊಡುತ್ತಿದ್ದ. ಕಲಬುರಗಿ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಿದ್ದು 2019ರಲ್ಲಿ. ಅದರ ಪುಕ್ಕಟೆ ಪ್ರಚಾರವನ್ನು ಮಾಮಾ ಎಂದೋ ಶುರು ಮಾಡಿದ್ದ.

ವಾಡಿ ಜಂಕ್ಷನ್ ಅಂದರೆ ಮುಂಬೈ–ಚೆನ್ನೈ ದಾರಿಯಿಂದ ಸಿಕಂದರಾಬಾದ್ ಕಡೆಗೆ ಹಳಿ ಕವಲೊಡೆಯುವ ಜಾಗ. ಕಳಿಸಲು ಬಂದ ಮಾಮಾ ನಮಗಷ್ಟೇ ಅಲ್ಲ, ಪಕ್ಕದ ಬೆಂಚಿನ ಗುರುತಿಲ್ಲದವರಿಗೂ ಮಿರ್ಚಿ ಭಜಿ ಕಟ್ಟಿಸುವುದರೊಳಗೆ ಗಾಡಿ ಹೊರಟೇಬಿಡುತ್ತಿತ್ತು. "ಹೋದ್ರ ಹೋಗ್ಲಿ ಬಿಡ್ರಿ, ಇನ್ನೊಂದಿನ ಇದ್ದು ಹೋಗ್ರಿ!" ಬೇಕಂತಲೇ ತಪ್ಪಿಸುತ್ತಿದ್ದ ಅಂತ ನನಗೆ ಈಗಲೂ ಗುಮಾನಿ.

ದಿವಸ ಮುಗಿದ ಮೇಲೆ ಟ್ರಂಕು ತೆಗೆದರೆ ಸಾಲದ ವಹಿ ಸಿಕ್ಕಿತು. ಶಹಾಬಾದಿ ಫರ್ಸಿಯ ಮೇಲೆ ಕೂತವರೆಲ್ಲ ಗಪ್‌ಚಿಪ್. ನಾಲ್ಕೈದು ಮಂದಿಗೆ ಒಮ್ಮೆಲೇ ಕೆಮ್ಮು ಬಂತು. ಕಾಕಾ ಕನ್ನಡಕ ಏರಿಸಿ ಓದಿದ: "ಎತ್ತು ಸತ್ತವಗ ಎರಡು ಸಾವಿರ. ಹಸಿರು ರುಮಾಲಿನವಗ ಐನೂರು. ಅಳುಮುಖದವಗ ಎಷ್ಟೋ."

ಪುಟ ತಿರುವಿದರೂ ಒಂದು ಹೆಸರಿಲ್ಲ! ಕೆಮ್ಮು ನಿಂತಿತು. ಮೂಲೆಯಲ್ಲಿದ್ದ ಹಿರಿಯರೊಬ್ಬರು ಮಾತ್ರ ಗಾಬರಿಬಿದ್ದು ಮೆಲ್ಲಗೆ ರುಮಾಲು ಬಿಚ್ಚತೊಡಗಿದರು. ಅಷ್ಟು ದಿನ ಅಳುತ್ತಿದ್ದ ಅತ್ತಿ ನಕ್ಕೇಬಿಟ್ಟಳು:

"ಬಿಚ್ಚಬ್ಯಾಡ್ರಿ ಯಣ್ಣಾ, ನಿಮ್ದು ಕೆಂಪದ!"