ಅಲ್ಪಶ್ರಮ ಮಹಾಭೋಜನ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಅದನ್ನು ಓದಲು ಅರ್ಹರು ಯಾರು, ವಿಷಯವೇನು, ಪ್ರಯೋಜನವೇನು ಎಂಬುದನ್ನು ಮೊದಲೇ ಹೇಳಿಬಿಡುವುದು ಪೂರ್ವಸೂರಿಗಳ ಪದ್ಧತಿ. ಅದರಂತೆ, ಶನಿವಾರ ಸಂಜೆ ಐದಕ್ಕೆ "ಎಂಟು ಗಂಟೆಗೆ ನಾವೆಲ್ಲ ಬರ್ತಾ ಇದ್ದೀವಿ ಕಣೋ, ಏನೂ ಮಾಡ್ಬೇಡ" ಎಂಬ ಫೋನ್ ಬಂದವನೇ ಇಲ್ಲಿ ಅಧಿಕಾರಿ. ಬಿಸಿಬೇಳೆಬಾತು ವಿಷಯ. ದಿನವಿಡೀ ಒಲೆಯ ಮುಂದೆ ಬೆಂದವನಂತೆ ಕಾಣುವುದು ಪ್ರಯೋಜನ. ಬೇಯದೇ ಇರುವುದು ಪರಮಪ್ರಯೋಜನ.

ಮೊದಲಿಗೆ ವಾಕ್ಯವಿಚಾರ. "ಏನೂ ಮಾಡ್ಬೇಡ" ಎಂಬುದು ಮೇಲ್ನೋಟಕ್ಕೆ ನಿಷೇಧ. ಅದನ್ನು ನಂಬಿ ನಿಜಕ್ಕೂ ಏನೂ ಮಾಡದೆ ಕೂತ ಗೃಹಸ್ಥರ ಕೀರ್ತಿ ಸ್ನೇಹಿತವಲಯದಲ್ಲಿ ಇಂದಿಗೂ ಅಜರಾಮರವಾಗಿದೆ. ಮೀಮಾಂಸಕರು ವಿಧಿ, ನಿಷೇಧಗಳಿಂದ ಅರ್ಥವಾದವನ್ನು ಬೇರೆ ತೆಗೆದು, ಅದಕ್ಕೆ ಸ್ವಂತ ಬಲವಿಲ್ಲ, ವಿಧಿಗೆ ಬೆಂಬಲವಾಗಿ ಬಂದದ್ದಷ್ಟೇ ಎನ್ನುತ್ತಾರೆ. ಸದರಿ ವಾಕ್ಯ ಶುದ್ಧ ಅರ್ಥವಾದ. "ಹಸಿದು ಬರುತ್ತೇವೆ" ಎಂಬುದು ಅದರ ಬೆನ್ನಿಗಿರುವ ವಿಧಿ. ಜತೆಗೆ "ಸುಮ್ನೆ ಮಾತಾಡ್ಕೊಂಡು ಹೋಗ್ತೀವಿ" ಎಂದೂ ಸೇರಿಸಿದ್ದರೆ ಮಕ್ಕಳೂ ಬರುತ್ತಾರೆಂದು ತಿಳಿಯತಕ್ಕದ್ದು.

ಇನ್ನು ಗ್ರಂಥಪರಿಶೀಲನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಅದರಿಂದ ಹೊರಡುವ ಮುಖ್ಯ ತೀರ್ಮಾನವೆಂದರೆ, ಅಡುಗೆ ಸುಲಭವಾಗಬೇಕಾದರೆ ರಾಜನಾಗಿರಬೇಕು. ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನೇ ಬರೆದ. ಅದರಲ್ಲಿ ಬದನೆಕಾಯಿಗೆ ಸಲ್ಲುವ ಗೌರವ ಇಂದು ಯಾವ ಮಂತ್ರಿಗೂ ಸಲ್ಲುವುದಿಲ್ಲ. ಆದರೆ ಒಣಮೆಣಸಿನಕಾಯಿ ಅವನ ಅಡುಗೆಮನೆಯನ್ನು ಇನ್ನೂ ಹೊಕ್ಕಿರಲಿಲ್ಲ. ಪೋರ್ಚುಗೀಸರ ಹಡಗು ತಂದ ಆ ಪದಾರ್ಥ ಕರ್ನಾಟಕವನ್ನು ವ್ಯಾಪಿಸಿದ್ದು ಆಮೇಲೆ. ಹೀಗಾಗಿ ನಮ್ಮ ಬಿಸಿಬೇಳೆಬಾತನ್ನು ಮಂಗರಸನಿಗೆ ಬಡಿಸಿದ್ದರೆ ಅವನು ಷಟ್ಪದಿಯ ಬದಲು ನೀರು ಕೇಳುತ್ತಿದ್ದ. ಈ ಬಾತು ಮೈಸೂರರಮನೆಯಲ್ಲಿ ಹುಟ್ಟಿತೆಂದು ಹೇಳುವವರಿದ್ದಾರೆ. ನಮ್ಮಲ್ಲಿ ರುಚಿಯಾದದ್ದೆಲ್ಲ ಒಂದೋ ಅರಮನೆಯಲ್ಲಿ ಹುಟ್ಟಬೇಕು, ಇಲ್ಲವೇ ಮಠದಲ್ಲಿ. ನಿನ್ನೆಯ ಬೇಳೆ ಮಿಕ್ಕಿದ್ದ ಯಾವುದೋ ಮನೆಯಲ್ಲಿ ಹುಟ್ಟಿತೆಂದರೆ ಶಾಸನ ಕೆತ್ತುವವರು ಯಾರು?

ನಮ್ಮ ಶಾಸ್ತ್ರದ ನಿಜವಾದ ಮೂಲಪುರುಷ ಅರಮನೆಯವನೂ ಅಲ್ಲ, ಕನ್ನಡಿಗನೂ ಅಲ್ಲ. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಬಿಗಿ ಮುಚ್ಚಳದ ಪಾತ್ರೆಯೊಂದನ್ನು ಮಾಡಿದ. ಆವಿ ಮಿತಿಮೀರಿದಾಗ ಹೊರಬಿಡಲು ಅದಕ್ಕೊಂದು ಕವಾಟವನ್ನೂ ಇಟ್ಟ. 1682ರಲ್ಲಿ ರಾಯಲ್ ಸೊಸೈಟಿಯ ವಿದ್ವಾಂಸರಿಗೆ ಅದರಲ್ಲೇ ಬೇಯಿಸಿದ ಊಟ ಹಾಕಿದ. ಗಟ್ಟಿ ಎಲುಬುಗಳೂ ಚೀಸಿನಷ್ಟು ಮೆತ್ತಗಾಗಿದ್ದವೆಂದು ಉಂಡವರಲ್ಲೊಬ್ಬನಾದ ಜಾನ್ ಎವಲಿನ್ ದಿನಚರಿಯಲ್ಲಿ ಬರೆದಿಟ್ಟ. ಬಂದವರನ್ನು ಕುಕ್ಕರ್‌ನಿಂದ ಬೆರಗುಗೊಳಿಸಿದ ಆ ಮಹಾನುಭಾವನನ್ನು ಮನಸ್ಸಿನಲ್ಲೇ ನೆನೆದು ಗ್ಯಾಸ್ ಹಚ್ಚುವುದು.

ಪ್ರಯೋಗವಿಧಿ ಹೀಗೆ. ಎರಡು ಲೋಟ ಅಕ್ಕಿ, ಒಂದೂವರೆ ಲೋಟ ತೊಗರಿಬೇಳೆ, ಹತ್ತು ಲೋಟ ನೀರು, ಚಿಟಿಕೆ ಅರಿಶಿನ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ತೊಗರಿಬೇಳೆ ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಕುಕ್ಕರ್‌ ಒಳಗಿನ ಶಾಖ 120 ಡಿಗ್ರಿಯ ಹತ್ತಿರಕ್ಕೆ ಹೋದಾಗ ಮಾತ್ರ ಅದರ ಅಹಂಕಾರ ಇಳಿಯುತ್ತದೆ. ಕುಕ್ಕರ್ ಕೂಗುತ್ತಿರುವಾಗ ಪಕ್ಕದ ಒಲೆಯಲ್ಲಿ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು, ಬಟಾಣಿ ಬೇಯಲಿ. ಹುಣಿಸೆಹುಳಿಯನ್ನು ಬೇಳೆಯೊಡನೆ ಕುಕ್ಕರ್‌ಗೆ ಹಾಕಬಾರದು. ಹುಳಿಯ ಸಹವಾಸದಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ರಸಾಯನಶಾಸ್ತ್ರಕ್ಕೂ ಅಜ್ಜಿಯರಿಗೂ ಒಮ್ಮತವಿರುವ ಅಪರೂಪದ ಸಂಗತಿ. ತರಕಾರಿ ಬೆಂದ ಮೇಲೆ ಹುಳಿ, ಉಪ್ಪು, ಚೂರು ಬೆಲ್ಲ, ಬಿಸಿಬೇಳೆಬಾತಿನ ಪುಡಿ ಹಾಕಿ ಕುದಿಸಿ, ಬೆಂದ ಅನ್ನಬೇಳೆಯನ್ನು ಅದಕ್ಕೆ ಸುರಿದು ಕಲಸುವುದು. ಮುಗಿಯಿತು. ಉಳಿದದ್ದೆಲ್ಲ ನಾಟಕ.

ಪುಡಿಯ ವಿಷಯದಲ್ಲಿ ಎರಡು ಮತಗಳಿವೆ. ಮನೆಯಲ್ಲೇ ಹುರಿದು ಪುಡಿಮಾಡಬೇಕೆಂಬುದು ಅತ್ತೆಯಂದಿರ ಪಂಥ. ಅಂಗಡಿಯ ಪ್ಯಾಕೆಟ್ಟೇ ಸಾಕೆಂಬುದು ಆಫೀಸಿಗೆ ಹೋಗುವವರ ಪಂಥ. ಪ್ಯಾಕೆಟ್ ಪುಡಿಯನ್ನು ಹಳೆಯ ಹಾರ್ಲಿಕ್ಸ್ ಬಾಟಲಿಗೆ ಸುರಿದ ಕ್ಷಣದಿಂದ ಅದು ಮನೆಯ ಪುಡಿಯೇ ಆಗುತ್ತದೆ ಎಂಬುದು ನಮ್ಮ ಸಮನ್ವಯ. ಉಪಾಧಿ ಬದಲಾದರೆ ವಸ್ತುವೂ ಬೇರೆಯಾಗಿ ತೋರುತ್ತದೆಂದು ವೇದಾಂತಿಗಳೇ ಹೇಳಿರುವಾಗ ಬಾಟಲಿಯನ್ನು ಕಡೆಗಣಿಸುವುದು ಪ್ರಮಾದ. ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಮೇಲೊಂದಿಷ್ಟು ಬೆರೆಸಬಹುದು. ಖಾರ ಕಡಿಮೆ, ಕೆಂಪು ಜಾಸ್ತಿ. ಸಾಧನೆಗಿಂತ ಪ್ರದರ್ಶನ ಮಿಗಿಲಾದ ಆ ಕಾಯಿಯನ್ನು ನಮ್ಮ ಶಾಸ್ತ್ರದ ಲಾಂಛನವಾಗಿಯೇ ಸ್ವೀಕರಿಸಬಹುದು.

ಈಗ ಸಿದ್ಧಾಂತ. ಒಗ್ಗರಣೆಯನ್ನು ಅತಿಥಿ ಬರುವ ಮೊದಲು ಹಾಕತಕ್ಕದ್ದಲ್ಲ. ತುಪ್ಪ, ಸಾಸಿವೆ, ಇಂಗು, ಕರಿಬೇವು, ಗೋಡಂಬಿಗಳನ್ನು ಒಲೆಯ ಪಕ್ಕ ಸಜ್ಜಾಗಿಟ್ಟುಕೊಂಡು ಕಾಯುವುದು. ಕರೆಗಂಟೆ ಬಾರಿಸಿದಾಗ ಮನೆಯ ಮತ್ತೊಬ್ಬರು ಬಾಗಿಲು ತೆಗೆಯಲಿ. ಅದೇ ಕ್ಷಣಕ್ಕೆ ಸಾಸಿವೆ ಸಿಡಿಯಲಿ. ಇಂಗಿನ ಘಮ ಮೂಗಿಗೆ ಬಡಿಯುತ್ತಲೇ ಅತಿಥಿ ನ್ಯಾಯಶಾಸ್ತ್ರದ ಪಂಚಾವಯವ ವಾಕ್ಯವನ್ನು ತನಗರಿವಿಲ್ಲದೆ ಪೂರೈಸುತ್ತಾನೆ. ಈ ಮನೆಯಲ್ಲಿ ಶ್ರಮವಿದೆ. ಏಕೆಂದರೆ ಘಮವಿದೆ. ಎಲ್ಲಿ ಘಮವೋ ಅಲ್ಲಿ ಶ್ರಮ, ನಮ್ಮಮ್ಮನ ಅಡುಗೆಮನೆಯ ಹಾಗೆ. ಇಲ್ಲಿಯೂ ಅಂಥದೇ ಘಮವಿದೆ. ಆದ್ದರಿಂದ, "ಅಯ್ಯೋ, ಎಷ್ಟು ಕಷ್ಟ ಪಟ್ಟಿದ್ದೀರಾ!"

ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ಊಹಿಸುವುದು ಸರಿ. ಘಮದಿಂದ ಶ್ರಮವನ್ನು ಊಹಿಸುವುದು ಹೇತ್ವಾಭಾಸ. ಎರಡು ಚಮಚ ತುಪ್ಪಕ್ಕೂ ಒಂದು ನಿಮಿಷದ ಉರಿಗೂ ಶ್ರಮದ ವ್ಯಾಪ್ತಿ ಇಲ್ಲ. ಆದರೆ ಹಸಿದವನ ಹೇತ್ವಾಭಾಸವನ್ನು ತಿದ್ದುವುದು ಆತಿಥ್ಯಧರ್ಮಕ್ಕೆ ವಿರುದ್ಧ.

ಬಡಿಸುವ ಮುನ್ನ ಬಾತು ತಟ್ಟೆಯಲ್ಲಿ ಹರಿದಾಡುವಷ್ಟು ತೆಳ್ಳಗಿರಲಿ. ಕೂತಷ್ಟೂ ಅದು ಗಟ್ಟಿಯಾಗುವಂಥದ್ದು; ಸ್ನೇಹಿತರೋ ತಡವಾಗಿ ಬರುವಂಥವರು. ಆದ್ದರಿಂದ ಒಂದು ಪಾತ್ರೆ ಬಿಸಿನೀರು ಸದಾ ಪಕ್ಕದಲ್ಲಿರತಕ್ಕದ್ದು. ಮೇಲೆ ಖಾರಾಬೂಂದಿ ಉದುರಿಸಿ, ಬದಿಗೆ ಆಲೂಗಡ್ಡೆ ಚಿಪ್ಸು, ಸೌತೆಕಾಯಿ ಮೊಸರುಬಜ್ಜಿ. ಒಗ್ಗರಣೆಗೆ ಇಡಿಯ ಮರಾಠಿ ಮೊಗ್ಗೊಂದನ್ನು ಬೇಕೆಂದೇ ಹಾಕಿರಬೇಕು. ಅದು ಯಾರದಾದರೂ ತಟ್ಟೆಗೆ ಬಂದಾಗ ಅವರು, "ಇದೇನಿದು, ದಪ್ಪ ಲವಂಗ?" ಎಂದು ಕೇಳಿಯೇ ಕೇಳುತ್ತಾರೆ. ಬೂರುಗದ ಜಾತಿಯ ಮರದ ಮೊಗ್ಗೆಂದು ನಿಧಾನವಾಗಿ ಹೇಳಿದರೆ ಸಾಕು. ಅಲ್ಲಿಂದಾಚೆ ನಿಮ್ಮ ಪಾಂಡಿತ್ಯವನ್ನು ಅವರೇ ಬೆಳೆಸಿಕೊಂಡು ಹೋಗುತ್ತಾರೆ.

ಸಿಹಿಗೆ ಬಾಳೆಹಣ್ಣಿನ ರಸಾಯನ. ಹಣ್ಣು, ಬೆಲ್ಲ, ಕಾಯಿಹಾಲು, ಏಲಕ್ಕಿ. ಒಲೆಯ ಮುಖವನ್ನೇ ನೋಡದ ಈ ಪದಾರ್ಥದ ಬಗ್ಗೆ ಹೆಚ್ಚು ಬರೆದರೆ ಬರವಣಿಗೆಯೇ ಅಡುಗೆಗಿಂತ ಕಷ್ಟವಾಗುತ್ತದೆ.

ಹೊಗಳಿಕೆ ಬಂದಾಗ ಆಡತಕ್ಕ ಮಾತು "ಏನೂ ಮಾಡ್ಲಿಲ್ಲಪ್ಪ, ಸುಮ್ನೆ ಕುಕ್ಕರ್‌ಗೆ ಇಟ್ಟೆ" ಎಂಬುದು. ಇಡೀ ಸಂಜೆಯಲ್ಲಿ ನೀವು ಹೇಳುವ ಏಕೈಕ ಸತ್ಯ ಇದೇ. ನಂಬದೇ ಉಳಿಯುವುದೂ ಇದೊಂದೇ. ಅದನ್ನು ಅವರು ವಿನಯವೆಂದು ಭಾವಿಸಿ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾರೆ. ಯಾರಾದರೂ "ನಿಜವಾಗ್ಲೂ ಅಷ್ಟೇನಾ?" ಎಂದು ಕೆದಕಿದರೆ ತುಪ್ಪದ ಮಿಳ್ಳೆಯನ್ನು ಅವರ ಕಡೆಗೆ ಸರಿಸುವುದು. ತುಪ್ಪದ ಮುಂದೆ ವಾದ ನಿಲ್ಲುವುದಿಲ್ಲ.

ಇಲ್ಲಿಗೆ ಅಲ್ಪಶ್ರಮ ಮಹಾಭೋಜನ ಮೀಮಾಂಸೆಯ ಪಾಕಖಂಡ ಸಮಾಪ್ತ. ಪಾತ್ರೆಖಂಡದಲ್ಲಿ ಕುಕ್ಕರ್ ತಳಕ್ಕೆ ಹಿಡಿದದ್ದನ್ನು ಕೆರೆಯುವ ವಿಚಾರವಿದೆ. ಬೇಯಿಸಿದವನೇ ತೊಳೆಯಬೇಕೆ, ಉಂಡವರು ತೊಳೆಯಬೇಕೆ ಎಂಬಲ್ಲಿ ಆಚಾರ್ಯರಲ್ಲಿ ಭಿನ್ನಾಭಿಪ್ರಾಯವಿದ್ದು, ಸದ್ಯಕ್ಕೆ ಪೂರ್ವಪಕ್ಷವೂ ಉತ್ತರಪಕ್ಷವೂ ಹಾಲಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿವೆ.